ಘಾಟು ಹೋಗದ ಸೀರೆ

ನನ್ನ ಅಕ್ಷರ ದುಂಡಗಿಲ್ಲ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು ನಾನು; ಮಾತಿನಲ್ಲಿ ತಪ್ಪಿದ್ದರೆ ಕ್ಷಮಿಸಿ. ಪಕ್ಕದ ಮನೆಯ ಗುತ್ತೆವ್ವನ ವಿಷಯ ಬರೆಯುತ್ತಿದ್ದೇನೆ.

ಗುತ್ತೆವ್ವ ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಸಂಜೆ ಅವಳು ಓಣಿಗೆ ಬಂದರೆ ಸೀರೆಯ ಘಾಟಿಗೆ ನಾವೆಲ್ಲ ಸೀನುತ್ತಿದ್ದೆವು. ಕೈ ಉರಿಗೆ ಅಡುಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಎಣ್ಣೆ ತುಟ್ಟಿಯಾದ ಮೇಲೆ ಮಜ್ಜಿಗೆ, ಈಗ ಬರೀ ತಣ್ಣೀರು.

ತೊಟ್ಟು ತೆಗೆಯುವ ಯಂತ್ರ ಬಂದ ಮೇಲೆ ಕೆಲಸ ಕಡಿಮೆಯಾಯಿತು. ಆದರೂ ಅವಳು ದಿನಾ ಬುತ್ತಿ ಕಟ್ಟಿಕೊಂಡು ಹೋಗುತ್ತಾಳೆ. ಮಗಳು ಪುಷ್ಪಲತಾ ದಿನಾ ಬಸ್ಸಿಗೆ ಹಾವೇರಿಗೆ ಹೋಗಿ ನರ್ಸಿಂಗ್ ಓದುತ್ತಾಳೆ. ನನ್ನ ಅವ್ವನಿಗೆ ಕೆಲಸ ತಪ್ಪಿದ ವಾರವೇ ನಾನು ಶಾಲೆ ಬಿಟ್ಟಿದ್ದೆ. ತನ್ನ ಮಗಳೂ ಹಾಗೇ ಮಾಡಿಬಿಟ್ಟಾಳೆಂದು ಗುತ್ತೆವ್ವನಿಗೆ ಹೆದರಿಕೆ.

ಅದಕ್ಕೇ ಕೆಲಸಕ್ಕೆ ಉಡುವ ಆ ಸೀರೆಯನ್ನು ಅವಳು ಒಗೆಯುವುದಿಲ್ಲ. “ತಾ ಚಿಗವ್ವಾ, ಒಗದ ಕೊಡ್ತೇನಿ” ಎಂದು ಒಮ್ಮೆ ಕೈಚಾಚಿದಾಗ ಕಸಿದುಕೊಂಡಳು. “ಬ್ಯಾಡವಾ ದುರ್ಗಾ. ಪುಷ್ಪಾ ಸೀನಲಿಲ್ಲಂದ್ರ ನನಗ ಕೆಲಸಿಲ್ಲಂತ ತಿಳದು ಪುಸ್ತಕಾ ಮುಚ್ಚಿ ಇಡ್ತಾಳ.”

ಮೊನ್ನೆ ಮನೆಮನೆಗೆ ಕೆಲಸವೆಷ್ಟು, ದಿನಸಿ ಎಷ್ಟು ಎಂದು ಕೇಳುವ ಸರ್ವೆಯವರು ಬಂದರು. ಚನ್ನೇಶ ಎಂದು ಹೆಸರು. ಅವರು ಗುತ್ತೆವ್ವನ ಮನೆಗೆ ಬಂದಾಗ ನಾನೂ ಅಲ್ಲೇ ಕಟ್ಟೆಯ ಮೇಲಿದ್ದೆ; ಪುಷ್ಪಲತಾ ಬಾಗಿಲಲ್ಲೇ ನಿಂತಿದ್ದಳು.

“ಹ್ವಾದ ಏಳು ದಿನದಾಗ ಎಷ್ಟು ದಿನ ದುಡದ್ರಿ, ಅಕ್ಕಾರ?”

“ಏಳೂ ದಿನ ದುಡದೇನ್ರಿ.”

“ಐತಾರ ಸೈತ? ರಜಾ ಇಲ್ಲೇನ್ರಿ?”

“ಮೆಣಸಿನಕಾಯಿಗೆ ಐತಾರ ಗೊತ್ತಾಗತೈತೇನ್ರಿ?”

ಅವರು ನಕ್ಕರು, ನಗುತ್ತಲೇ ಎರಡು ಸಲ ಸೀನಿದರು. “ಬಿಡ್ರಿ, ನಿಮ್ಮ ಸೀರೀನೇ ಸಾಕ್ಷಿ ಹೇಳಾಕತ್ತೈತಿ” ಎಂದು ಬರೆದುಕೊಂಡರು. ಎಣ್ಣೆ ಎಷ್ಟು ತರುತ್ತೀರಿ ಎಂದಾಗಲೂ “ಮೊದಲಿನಷ್ಟರಿ” ಎಂದಳು. ಪುಷ್ಪಲತಾ ತಾನೂ ಸೀನಿ, ಓದಲು ಒಳಗೆ ಹೋದಳು. ಗುತ್ತೆವ್ವ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

ಆ ವಾರ ಅವಳು ದುಡಿದದ್ದು ಒಂದೇ ದಿನ. ಉಳಿದ ಆರು ದಿನ ಗೋದಾಮಿನ ಗೇಟಿನೆದುರು ಕುಳಿತು ಬಂದಿದ್ದಾಳೆ. ಪಕ್ಕದಲ್ಲಿ ನನ್ನ ಅವ್ವನೂ ಕುಳಿತಿದ್ದಳು.

ಹೆಸರು ಯಾರಿಗೂ ಹೇಳುವುದಿಲ್ಲ, ಲೆಕ್ಕ ಮಾತ್ರ ಮೇಲೆ ಹೋಗುತ್ತದೆ ಎಂದು ಚನ್ನೇಶ ಅವರು ಹೋಗುವಾಗ ಹೇಳಿದರು. ಆ ಲೆಕ್ಕ ನೋಡಿದವರು ಬ್ಯಾಡಗಿಯಲ್ಲಿ ಕೆಲಸಕ್ಕೆ ಕೊರತೆಯಿಲ್ಲ, ಎಣ್ಣೆಗೂ ಕೊರತೆಯಿಲ್ಲ ಎಂದುಕೊಂಡರೆ? ಅಂದಿನಿಂದ ನನಗೆ ಸಮಾಧಾನವಿಲ್ಲ. ನಿಜ ಹೇಳಿಬಿಡಲೇ ಎಂದು ಗುತ್ತೆವ್ವನನ್ನು ಕೇಳುವ ಧೈರ್ಯವೂ ಆಗಿಲ್ಲ.

ನಾಳೆ ಸರ್ವೆಯವರು ಹಿಂದಿನ ಓಣಿಗೆ ಬರುತ್ತಾರಂತೆ. ಎದುರು ನಿಂತು ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಗುತ್ತೆವ್ವ ದುಡಿದದ್ದು ಏಳು ದಿನವಲ್ಲ, ಒಂದೇ ದಿನ ಎಂದು ಚೀಟಿ ಬರೆದು, ಪುಷ್ಪಲತಾ ಬಸ್ಸು ಹತ್ತಿದ ಮೇಲೆ ಅವರ ಕೈಗೆ ಕೊಡುತ್ತೇನೆ.