ಮೂರನೇ ಗುರುವಾರ, ಏಣಿಯ ಮೇಲೆ

ಬೀದಿಯವರೆಲ್ಲ ಅವನನ್ನು ಫ್ಯೂಸಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ವೈರಿಂಗ್ ಕೆಲಸ ಮಾಡಿದ ಆಸಾಮಿ. ಆದರೆ ಮಧ್ಯಾಹ್ನ ಒಂದು ಕ್ವಾರ್ಟರ್ ಒಳಗಿಳಿಯದಿದ್ದರೆ ಸ್ಕ್ರೂಡ್ರೈವರ್ ಹಿಡಿಯಲು ಕೈ ನಿಲ್ಲುತ್ತಿರಲಿಲ್ಲ, ಇಳಿದರೆ ತಲೆ ನಿಲ್ಲುತ್ತಿರಲಿಲ್ಲ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನು ಹೆಂಡತಿಯ ತಮ್ಮ. ಒಬ್ಬ ಏಣಿ ಹತ್ತಿ ತಂತಿ ಹಿಡಿದರೆ ಇನ್ನೊಬ್ಬ ಮೇನ್ ಸ್ವಿಚ್ ಆಫ್ ಮಾಡಿ ಅದರ ಮುಂದೆಯೇ ಕಾವಲು ನಿಲ್ಲಬೇಕು. ಹೋದ ತಿಂಗಳು ಒಂದು ಗೋದಾಮಿನಲ್ಲಿ ಭಾವಮೈದ ಮೇಲಿದ್ದ, ಫ್ಯೂಸಣ್ಣ ಮೇನ್ ಹತ್ತಿರ ಅಮಲಿನಲ್ಲಿದ್ದ. ಕೆಲಸ ಮುಗಿಯಿತೆಂದುಕೊಂಡು ಸ್ವಿಚ್ಚಿನ ಹಿಡಿಯನ್ನು ಮೇಲಕ್ಕೆತ್ತಿಯೇಬಿಟ್ಟ! ಶಾಕ್ ಹೊಡೆದು ಏಣಿಯಿಂದ ಹಾರಿಬಿದ್ದ ಭಾವಮೈದ ಬದುಕಿದ್ದು ಕೆಳಗೆ ಹತ್ತಿಯ ಮೂಟೆಗಳಿದ್ದವೆಂದು, ಅಷ್ಟೇ.

"ಹಳೇ ಸ್ವಿಚ್ಚು, ಹಿಡಿ ಸಡಿಲ, ತಾನಾಗೇ ಆನ್ ಆಗ್ಬಿಡ್ತು," ಎಂದ ಫ್ಯೂಸಣ್ಣ. ಸಡಿಲವಾದ ಹಿಡಿ ಕೆಳಗೆ ಬೀಳುತ್ತದೆಯೇ ಹೊರತು ಮೇಲಕ್ಕೆ ಏರುವುದಿಲ್ಲ. ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕಲ್ಲ!

ಭಾವಮೈದ ವಾದಕ್ಕೆ ನಿಲ್ಲಲಿಲ್ಲ. ಅಂಗೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಒಂದು ಚೀಟಿ ಕೊಟ್ಟ. "ಭಾವ, ನೀವು ಮೇನ್ ಹತ್ರ ನಿಂತ್ರೆ ನಾನಿನ್ನು ತಂತಿ ಮುಟ್ಟಲ್ಲ. ಇಲ್ಲಿಗೆ ಹೋಗಿ. ಒಂದು ತಿಂಗಳು ನೋಡ್ತೀನಿ. ಆಮೇಲೆ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ." ಚೀಟಿಯಲ್ಲಿ ಬರೆದಿತ್ತು: ಕುಡಿತ ಬಿಡುವವರ ಸಭೆ, ಗ್ರಂಥಾಲಯದ ಹಿಂದಿನ ಕಟ್ಟಡ, ಗುರುವಾರ ಸಂಜೆ ಐದೂವರೆ.

ಕೋಣೆ ಯಾವುದೆಂದು ಬರೆದಿರಲಿಲ್ಲ. ಮೂರು ಮಹಡಿ, ಮಹಡಿಗೆ ಆರು ಬಾಗಿಲು. "ಕುಡುಕರ ಕೋಣೆ ಎಲ್ಲಿ ಸ್ವಾಮಿ?" ಎಂದು ಕೇಳುವುದಕ್ಕಿಂತ ಹೈಟೆನ್ಷನ್ ಕಂಬ ಹತ್ತುವುದು ವಾಸಿ ಅನಿಸಿತು ಅವನಿಗೆ. ಯಾರಾದರೂ ಪರಿಚಯದವರು ಕಂಡರೆ ಕೆಲಸಕ್ಕೆ ಬಂದೆ ಎನ್ನಬಹುದೆಂದು ಸಾಮಾನಿನ ಚೀಲವನ್ನು ಹೆಗಲಿಗೇರಿಸಿಕೊಂಡು ಹೋದ. ಆ ದಿನ ಮಧ್ಯಾಹ್ನ ಬಾಟಲಿ ಮುಟ್ಟಿರಲಿಲ್ಲ.

ಕೆಳಗಿನ ಹೊಲಿಗೆ ತರಗತಿಯ ಟೀಚರಮ್ಮ ಚೀಲ ನೋಡಿದ್ದೇ ತಡ, "ಅಬ್ಬಾ, ಅಂತೂ ಬಂದ್ರಲ್ಲ! ಹದಿನೈದು ದಿನದಿಂದ ಫೋನ್ ಮಾಡಿ ಮಾಡಿ ಸಾಕಾಯ್ತು," ಎಂದು ಒಳಗೆ ಎಳೆದುಕೊಂಡು ಹೋದಳು. ಫ್ಯೂಸಣ್ಣನಿಗೆ ಹೋದ ಜೀವ ಬಂದಂತಾಯಿತು. ಎರಡು ಪ್ಲಗ್ ಸರಿಮಾಡುವಷ್ಟರಲ್ಲಿ ಆರೂಕಾಲು, ಸಭೆಯ ಹೊತ್ತು ಮೀರಿತ್ತು. ಮುಂದಿನ ಗುರುವಾರ ಮೊದಲ ಮಹಡಿಯ ನೃತ್ಯ ಶಾಲೆಯ ಫ್ಯಾನು. "ಸಭೆ ಹೇಗಿತ್ತು?" ಎಂದು ಹೆಂಡತಿ ಕೇಳಿದಾಗಲೆಲ್ಲ "ಚೆನ್ನಾಗಿತ್ತು ಕಣೇ, ತುಂಬಾ ಜನ" ಎನ್ನುತ್ತಿದ್ದ. ಅವಳು ಅದನ್ನು ತಮ್ಮನಿಗೆ ಫೋನ್ ಮಾಡಿ ಹಿಗ್ಗಿನಿಂದ ಹೇಳುತ್ತಿದ್ದಳು, ಪಾಪ.

ಮೂರನೇ ಗುರುವಾರ ಟೀಚರಮ್ಮ, "ಎರಡನೇ ಮಹಡಿ ಮೂಲೆ ರೂಮಲ್ಲಿ ಟ್ಯೂಬ್‌ಲೈಟ್ ಕೆಟ್ಟಿದೆ, ನೋಡಿ," ಎಂದಳು. ಏಣಿ ಹಾಕಿ ಹತ್ತಿ ಸ್ಟಾರ್ಟರ್ ಬಿಚ್ಚುತ್ತಿದ್ದಾಗ ಕೆಳಗೆ ಒಬ್ಬೊಬ್ಬರಾಗಿ ಬಂದು ಒಂಬತ್ತು ಜನ ಕುರ್ಚಿ ಎಳೆದು ಸುತ್ತ ಕೂತರು. "ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ, ನಾವು ನಮ್ಮ ಕೆಲಸ ಮಾಡ್ಕೋತೀವಿ," ಎಂದಳು ಬಿಳಿಗೂದಲಿನ ಹೆಂಗಸೊಬ್ಬಳು.

ಬ್ರೆಡ್ ಅಂಗಡಿಯವನೊಬ್ಬ ತನ್ನ ಕುಡಿತದ ಕಥೆ ಶುರುಮಾಡಿದ. "ಬಾಯಿ ವಾಸನೆ ಯಾಕೆ ಅಂತ ಹೆಂಡ್ತಿ ಕೇಳಿದ್ಲು. ಹಲ್ಲುನೋವಿನ ಔಷಧಿ ಅಂದೆ. ಅವಳು ನಂಬಿ ಡಾಕ್ಟರ ಹತ್ರ ಕರ್ಕೊಂಡು ಹೋದ್ಲು. ಗಟ್ಟಿಮುಟ್ಟಾಗಿದ್ದ ಹಲ್ಲು ರೀ! ಎರಡು ಕೀಳಿಸ್ಕೊಂಡೆ, ಆದ್ರೆ ಸತ್ಯ ಹೇಳ್ಲಿಲ್ಲ." ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಿಯೂಬಿಟ್ಟ. ಎಲ್ಲರೂ ಗೊಳ್ಳೆಂದು ನಕ್ಕರು. ಏಣಿಯ ಮೇಲೆ ಫ್ಯೂಸಣ್ಣನೂ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತಲೇ ತಾನು ಹೇಳಿದ ಸ್ವಿಚ್ಚಿನ ಸುಳ್ಳು ನೆನಪಾಯಿತು. ನಾಚಿಕೆಯಾಯಿತು, ಮೈಯೆಲ್ಲ ಹಿಡಿಯಷ್ಟಾಗುವಂಥ ನಾಚಿಕೆ.

"ನಾನೂ ಕುಡಿತೀನಿ," ಎಂದ. ತನ್ನ ದನಿಯೇ ಅವನಿಗೆ ಬೇರೆ ಯಾರದೋ ಅನಿಸಿತು. "ನನ್ನ ಭಾವಮೈದನ ಕೈ ತಂತಿ ಮೇಲಿತ್ತು. ಮೇನ್ ತಾನಾಗೇ ಆನ್ ಆಗ್ಲಿಲ್ಲ. ನಾನೇ ಹಾಕ್ದೆ."

ಯಾರೂ ನಗಲಿಲ್ಲ, ಬೈಯಲೂ ಇಲ್ಲ. "ಇಳಿದು ಬನ್ನಿ," ಎಂದು ಬಿಳಿಗೂದಲಿನ ಹೆಂಗಸು ಹತ್ತನೇ ಕುರ್ಚಿ ಎಳೆದಳು. ಅವನು ಸಭೆ ಮುಗಿಯುವವರೆಗೂ ಕೂತ.

ಅಲ್ಲಿಂದ ನೇರವಾಗಿ ಭಾವಮೈದನ ಮನೆಗೆ ಹೋದ. ಅವನು ಬಾಗಿಲಲ್ಲೇ ನಿಂತಿದ್ದ. "ನೋಡು," ಎಂದ ಫ್ಯೂಸಣ್ಣ, ಉಸಿರೂ ತೆಗೆದುಕೊಳ್ಳದೆ, "ಸಭೆಗೆ ಇವತ್ತೇ ಮೊದಲು ಹೋಗಿದ್ದು. ಹಿಂದೆ ಎರಡು ಸಲ ಹೋದೆ ಅಂದಿದ್ದು ಸುಳ್ಳು. ಮೇನ್ ಹಾಕಿದ್ದು ನಾನೇ."

"ಗೊತ್ತು," ಎಂದ ಭಾವಮೈದ.

"ಯಾವುದು?"

"ಮೇನ್ ವಿಷಯ. ಸಭೆದು ಗೊತ್ತಿರಲಿಲ್ಲ." ಬಾಗಿಲು ಪೂರ್ತಿ ತೆರೆದ. "ನಾಳೆ ಎಂಟು ಗಂಟೆಗೆ ಬನ್ನಿ. ಕುಡಿದು ಬರಬೇಡಿ. ಏಣಿ ನೀವು ಹತ್ತಿ, ಮೇನ್ ಹತ್ರ ನಾನು ನಿಲ್ತೀನಿ."

ಫ್ಯೂಸಣ್ಣನ ಕಣ್ಣು ಭಾವಮೈದನ ಬ್ಯಾಂಡೇಜ್ ಬಿಚ್ಚಿದ ಅಂಗೈ ಮೇಲೆ ಹೋಯಿತು. ನಡುವೆ ಕಪ್ಪಗೆ ಸುಟ್ಟ ಗೆರೆ.

"ಭಯ ಆಗುತ್ತಾ ಭಾವ?"

"ಆಗುತ್ತೆ."

"ಆಗ್ಲಿ," ಎಂದ ಭಾವಮೈದ. "ಒಳಗೆ ಬನ್ನಿ, ಊಟ ಮಾಡಿ."