ಕೈಕಟ್ಟಿ ಕೂತ ಕೋಡುಬಳೆ

ಇವತ್ತು ಬೆಳಿಗ್ಗೆ ಅಟ್ಟದಿಂದ ಬಾಣಲೆ ಇಳಿಸಿದೆ. ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರೂ ಅಂಚಿಗೆ ತುಕ್ಕು ಹಿಡಿದಿತ್ತು. ಬಟ್ಟೆ ಬಿಚ್ಚಿದ ಕೂಡಲೇ ಹಳೇ ಎಣ್ಣೆಯ ವಾಸನೆ ಮೂಗಿಗೆ ಬಂತು. ಸೀಗೆಪುಡಿ ಹಾಕಿ ತಿಕ್ಕುತ್ತಾ ಕೂತೆ. ತಿಕ್ಕುವುದಕ್ಕಿಂತ ಹೆಚ್ಚು ಹೊತ್ತು ಸುಮ್ಮನೆ ಕೂತಿದ್ದೆ ಎಂದರೂ ನಡೆದೀತು.

ನಮ್ಮ ಮನೆತನದ ಪದ್ಧತಿ ನಿಮಗೆ ಗೊತ್ತಿರಲಾರದು. ಮನೆಯಲ್ಲಿ ಸಾವಾದರೆ ವರ್ಷ ತುಂಬುವ ತನಕ ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವಂತಿಲ್ಲ. ಪೂರಿ, ವಡೆ, ಕೋಡುಬಳೆ, ಚಕ್ಕುಲಿ ಏನೂ ಇಲ್ಲ. ಅಕ್ಕಪಕ್ಕದವರು ಹಬ್ಬಕ್ಕೆ ಕರಿದದ್ದನ್ನು ತಟ್ಟೆಯಲ್ಲಿ ತಂದುಕೊಟ್ಟರೆ ತಿನ್ನಬಹುದು, ನಾವು ಮಾಡಬಾರದು. ವರ್ಷದ ದಿನ ಮನೆತನದ ಹಿರಿಯರು ಬಂದು, ಸತ್ತವರಿಗೆ ಎಡೆ ಇಟ್ಟು, ತಮ್ಮ ಕೈಯಾರೆ ಬಾಣಲೆ ಇಟ್ಟರೆ ಅಲ್ಲಿಗೆ ಮುಗಿಯಿತು. ನಮ್ಮ ಮನೆಯವರು ಹೋಗಿ ಇವತ್ತಿಗೆ ವರ್ಷ.

ಆ ಹಿರಿಯರು ಎಂದರೆ ನಮ್ಮ ಮನೆಯವರ ಅಕ್ಕ, ಗೌರಮ್ಮ. ಇರುವುದು ನ್ಯಾಮತಿಯಲ್ಲಾದರೂ ಹೊನ್ನಾಳಿಯ ನನ್ನ ಒಲೆಯ ಮೇಲೆ ಏನಿದೆ ಎಂಬುದು ಅವರಿಗೆ ಅಲ್ಲಿಂದಲೇ ಕಾಣುತ್ತದೆ. ನಾನೂ ಅವರನ್ನು ಅಕ್ಕ ಎಂದೇ ಕರೆಯುವುದು. ಮದುವೆಯಾಗಿ ಬಂದಾಗಿನಿಂದ ಅವರ ಮಾತಿಗೆ ನಾನು ಎದುರು ಹೇಳಿದ್ದಿಲ್ಲ. ಗೌರವವೂ ಇತ್ತು, ಅದಕ್ಕಿಂತ ಹೆಚ್ಚಾಗಿ ಅವರು ಮಾತಿನ ನಡುವೆ ಉಸಿರು ತೆಗೆದುಕೊಳ್ಳುವುದನ್ನು ನಾನು ಕಂಡಿರಲಿಲ್ಲ.

ಮೊದಮೊದಲು ಏನು ಮಾಡಬೇಕಾದರೂ ಫೋನ್ ಹಚ್ಚಿ ಕೇಳುತ್ತಿದ್ದೆ.

"ಅಕ್ಕ, ದೋಸೆ ಹಾಕಬಹುದಾ?"

"ಹಂಚು ಬಾಂಡ್ಲಿ ಅಲ್ಲ. ಹಾಕು."

"ಹಪ್ಪಳ?"

"ಸುಟ್ಕಂಡು ತಿನ್ನು. ಕರೀಬ್ಯಾಡ."

"ಪಡ್ಡು?"

ಪಡ್ಡಿನ ಹಂಚಿನಲ್ಲಿ ಗುಳಿಗಳಿರುತ್ತವಲ್ಲ, ಅಕ್ಕ ಅಲ್ಲಿ ಸಿಕ್ಕಿಕೊಂಡರು.

"ಗುಳ್ಯಾಗೆ ಎಣ್ಣೆ ನಿಂತ್ರೆ ಅದು ಬಾಂಡ್ಲಿ. ನಿಲ್ಲದಿದ್ರೆ ಹಂಚು. ನಿಲ್ಲದಂಗೆ ಹಾಕು."

ನ್ಯಾಯಾಲಯದವರೂ ಇಷ್ಟು ಸ್ಪಷ್ಟವಾಗಿ ಹೇಳಲಾರರು. ನಗು ಬಂತು. ಇದನ್ನು ಹೇಳಿ ನಗೋಣವೆಂದು ನಡುಮನೆಯ ಕಡೆ ತಿರುಗಿದೆ. ಅಲ್ಲಿ ನಮ್ಮ ಮನೆಯವರ ಖಾಲಿ ಕುರ್ಚಿ ಇತ್ತು.

ನಮ್ಮ ಮನೆಯವರ ಕೆಲಸ ಅಂಗಡಿಗಳಿಗೆ ಬಿಸ್ಕತ್ತು, ಚಿಪ್ಸು, ಖಾರಾ ಪಾಕೀಟು ಮುಟ್ಟಿಸುವುದು. ಲಗೇಜ್ ಆಟೋ ತುಂಬಿಕೊಂಡು ಒಂದು ದಿನ ಚನ್ನಗಿರಿ, ನಲ್ಲೂರು, ಇನ್ನೊಂದು ದಿನ ಸಾಸ್ವೆಹಳ್ಳಿ, ಮತ್ತೊಂದು ದಿನ ಜಗಳೂರಿನ ತನಕ. ಜಗಳೂರಿನಿಂದ ಬರುವಾಗ ಶೇಂಗಾ ತರುತ್ತಿದ್ದರು. ಅರ್ಧ ದಾರಿಯಲ್ಲೇ ಖಾಲಿಯಾಗಿ ನನಗೆ ಸಿಗುತ್ತಿದ್ದದ್ದು ಚೀಲ ಮತ್ತು ಸಿಪ್ಪೆ. ದಿನವೆಲ್ಲ ತಿಂಡಿಯ ನಡುವೆಯೇ ಇರುವ ಮನುಷ್ಯನಿಗೆ ತಿಂಡಿಯ ಆಸೆ ಇರುವುದಿಲ್ಲ ಎಂದು ನೀವು ತಿಳಿದಿದ್ದರೆ, ನೀವು ಅವರನ್ನು ನೋಡಿಲ್ಲ.

ಹಬ್ಬದಲ್ಲಿ ದೇವರ ಮುಂದೆ ಇಡುವ ಮೊದಲೇ ಕೋಡುಬಳೆ ಕದಿಯುವುದು ಅವರ ಹಳೇ ಚಾಳಿ. ಕದ್ದು, ಕಿಟಕಿಯ ಕಡೆ ಮುಖ ಮಾಡಿ ನಿಂತು, ಹೊರಗೆ ಯಾರೋ ಕರೆದ ಹಾಗೆ ನೋಡುತ್ತಾ ಅಗಿಯುತ್ತಿದ್ದರು. ಅಗಿಯುವಾಗ ಕಿವಿ ಅಲ್ಲಾಡುತ್ತಿದ್ದವು. ಹಿಂದಿನಿಂದ ನೋಡಿದರೂ ಗೊತ್ತಾಗುತ್ತಿತ್ತು. ಗೌರಕ್ಕ ಇದ್ದರಂತೂ ದೊಡ್ಡ ರಂಪ. "ಮೊದ್ಲು ದೇವ್ರಿಗೆ ಕಣೋ. ನಿನ್ಗೆ ಯಾರೋ ಕಲಿಸ್ದೋರು ಇದನ್ನ?" ಎಂದು ಬೈಯುತ್ತಿದ್ದರು. ಇವರು ಬಾಯಿ ತುಂಬಿಕೊಂಡೇ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿ, "ಯಾರು ಕಲಿಸಿದ್ರು ಅಂತ ಅಕ್ಕನ್ನೇ ಕೇಳು" ಎನ್ನುತ್ತಿದ್ದರು. ನಾನು ಕೇಳಿರಲಿಲ್ಲ. ಹೇಳಿದೆನಲ್ಲ, ಎದುರು ಮಾತಾಡುವ ಅಭ್ಯಾಸ ನನಗಿರಲಿಲ್ಲ.

ಪ್ರೆಟ್ಜೆಲ್ ಎಂಬ ತಿಂಡಿ ನಮ್ಮ ಮನೆಗೆ ಬಂದದ್ದು ಯಾರಿಗೂ ಬೇಡವಾಗಿ. ಏಜೆನ್ಸಿಯವರು ಹೊಸ ಮಾಲು ಎಂದು ಒಂದು ಬಾಕ್ಸ್ ಇವರ ಆಟೋಗೆ ಹಾಕಿದ್ದರು. ನೋಡಿದ್ದೀರೋ ಇಲ್ಲವೋ, ಕಂದು ಬಣ್ಣ, ನಡುವೆ ಒಂದು ಗಂಟು, ಮೇಲೆ ನಾಲ್ಕು ಹರಳು ಉಪ್ಪು. ಜಗಳೂರಿನ ಅಂಗಡಿಯವರು ಒಂದನ್ನು ಬೆಳಕಿಗೆ ಹಿಡಿದು, "ಏನ್ರೀ ಇದು, ಕೋಡುಬಳೆ ಕೈ ಕಟ್ಕಂಡು ಕುಂತೈತೆ. ಏನ್ ತಪ್ಪು ಮಾಡೈತ್ರೀ ಪಾಪ?" ಎಂದು ಕೇಳಿ ಪಾಕೀಟು ವಾಪಸ್ ಕೊಟ್ಟರಂತೆ. ನಿಜ, ಹಿಂದಿನ ಬೆಂಚಿನಲ್ಲಿ ಮೇಷ್ಟ್ರಿಗೆ ಹೆದರಿ ಕೂತ ಹುಡುಗನ ಹಾಗೇ ಕಾಣುತ್ತದೆ. ಸಾಸ್ವೆಹಳ್ಳಿಯಲ್ಲಿ ಮಾತ್ರ ಒಂದು ಪಾಕೀಟು ಮಾರಾಟವಾಯಿತು. ಮುಂದಿನ ಸಲ ಇವರು ಹೋದಾಗ, ಕೊಂಡ ಹೆಂಗಸು ಅಂಗಡಿ ಕಟ್ಟೆಯ ಮೇಲೆ ಕಾಯುತ್ತಾ ಕೂತಿದ್ದಳು.

"ನಿಮ್ ಸಂಡಿಗೆ ಅರಳ್ಲೇ ಇಲ್ಲ. ಎಣ್ಣೇಗೆ ಬಿಟ್ರೆ ಕರ್ರಗಾಗಿ ತಳ ಹಿಡೀತು."

"ಅದನ್ನ ಕರೀಬಾರ್ದು ಕಣಮ್ಮ. ಹಂಗೇ ತಿನ್ನಾದು."

"ಹಂಗೇ ತಿನ್ನಾಕೆ ಅದೇನು ಬಾಳೆಹಣ್ಣಾ?"

ಇವರು ಮನೆಗೆ ಬಂದು ಆ ಹೆಂಗಸಿನ ದನಿಯಲ್ಲೇ ಇದನ್ನು ಹೇಳಿ ತೋರಿಸಿದರು. ಹೇಳುತ್ತಾ ಹೇಳುತ್ತಾ ಸೊಂಟಕ್ಕೆ ಕೈಯೂ ಇಟ್ಟರು. ಮಾರಾಟವಾಗದ ಬಾಕ್ಸ್ ಅಡುಗೆಮನೆಯ ಮೂಲೆ ಸೇರಿತು.

ಅದಕ್ಕೊಂದು ದಾರಿ ಹುಡುಕಿದವರೂ ಅವರೇ. ಮಾಡುವುದು ಬಹಳ ಸುಲಭ, ಕೇಳಿ. ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾಯಿಸಿ, ಜಜ್ಜಿದ ಬೆಳ್ಳುಳ್ಳಿ ಹಾಕಿ. ಅದು ಕೆಂಪಗಾಗುವಾಗ ಕರಿಬೇವು, ಇಳಿಸಿ ಅರಿಶಿನ, ಖಾರಪುಡಿ, ಚಿಟಿಕೆ ಸಕ್ಕರೆ, ಒಣ ಮಾವಿನಪುಡಿ. ಉಪ್ಪು ಹಾಕಬೇಡಿ, ಅದು ಹುಟ್ಟುವಾಗಲೇ ತಂದಿರುತ್ತದೆ. ಅಗಲ ಪಾತ್ರೆಯಲ್ಲಿ ಪ್ರೆಟ್ಜೆಲ್ ಸುರಿದು, ಮೇಲೆ ಈ ಒಗ್ಗರಣೆ ಹೊಯ್ದು, ಕೈಯಿಂದ ಮೆಲ್ಲಗೆ ಕಲಸಿ. ಖಾರಾ ಮಂಡಕ್ಕಿ ಕಲಸಿ ಗೊತ್ತಿದ್ದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆಮೇಲೆ ತಟ್ಟೆಗೆ ಹರವಿ ಮಾಳಿಗೆಯ ಮೇಲೆ ಒಂದು ಹೊತ್ತು ಬಿಸಿಲಿಗೆ ಇಡಬೇಕು. ಖಾರ ಒಣಗಿ ಮೈಗೆ ಹತ್ತಿಕೊಂಡು, ಹಲ್ಲಿಗೆ ಕೊಟ್ಟರೆ ಕಟುಂ ಎನ್ನುತ್ತದೆ. ಬಿಸಿಲಿಗೆ ಇಟ್ಟಾಗ ಕಾಯಲು ಯಾರನ್ನು ಕೂರಿಸುತ್ತೀರಿ ಎಂಬುದು ಮುಖ್ಯ. ನಾನು ಇವರನ್ನು ಕೂರಿಸಿ, ತಟ್ಟೆ ಅರ್ಧವಾಗಿ ಕೆಳಗಿಳಿದದ್ದುಂಟು. "ಕಾಗೆ" ಎಂದಿದ್ದರು.

ಮೊಮ್ಮಗಳು ಸಿಂಚನಾಳಿಗೆ ಅದರ ರುಚಿ ಹತ್ತಿತು. ಮಗಳು ಶೋಭಾ ಇರುವುದು ಚನ್ನಗಿರಿಯಲ್ಲಿ. ಮಗುವಿನ ಹುಟ್ಟುಹಬ್ಬ ಮಾತ್ರ ಪ್ರತಿ ವರ್ಷ ನಮ್ಮ ಮನೆಯಲ್ಲಿ. ಅದು ಅಜ್ಜನ ಹಟ. ಓಣಿಯ ಮಕ್ಕಳೆಲ್ಲ ಸೇರುತ್ತಿದ್ದರು. ಕೇಕು ಬೇಕರಿಯದು, ಒಂದು ಬೋಗುಣಿ ತುಂಬ ಈ ಕೈಕಟ್ಟು ತಿಂಡಿ. ಮಕ್ಕಳು ಅದನ್ನು ಹಾಗೇ ಕರೆಯುತ್ತಿದ್ದರು. ಇವರು ಎಲ್ಲರನ್ನೂ ಸಾಲಾಗಿ ಕೂರಿಸಿ ಕೈ ಕಟ್ಟಿಸಿ, ಯಾರು ಅಲ್ಲಾಡುವುದಿಲ್ಲವೋ ಅವರಿಗೆ ಮೊದಲು ಕೊಡುತ್ತೇನೆ ಎಂದು ಹೇಳಿ, ಎದುರಿಗೆ ನಿಂತು ಕಿವಿ ಅಲ್ಲಾಡಿಸುತ್ತಾ ತಿನ್ನುತ್ತಿದ್ದರು.

ಈ ಸಲ ಹುಟ್ಟುಹಬ್ಬ ವರ್ಷದೊಳಗೇ ಬಂತು. ಗೌರಕ್ಕ ಮೊದಲೇ ಫೋನ್ ಮಾಡಿದರು. "ಕೇಕ್ ಬೇಕಾದ್ರೆ ಅಲ್ಲೇ ಚನ್ನಗಿರ್ಯಾಗೆ ಕೊಯ್ಕಂಡ್ಲಿ. ಸತ್ ಮನೇಲಿ ಪಾರ್ಟಿ ಎಂಥದು?" ಶೋಭಾಳೂ, "ಬಿಡಮ್ಮ, ನಿನ್ಗೂ ಸಂಕಟ. ಮುಂದಿನ ವರ್ಷ ನೋಡಾಣ" ಎಂದಳು. ಅವಳ ಹಿಂದಿನಿಂದ ಮಗುವಿನ ದನಿ ಕೇಳಿತು: "ಅಜ್ಜಿ, ಅಜ್ಜ ಇಲ್ಲ ಅಂದ್ರೆ ನಾವ್ ಅಲ್ಲಿಗೆ ಬರಂಗಿಲ್ವಾ?"

ಆ ದಿನವೆಲ್ಲ ಅದೇ ಮಾತು ತಲೆಯಲ್ಲಿತ್ತು. ಒಂದು ವರ್ಷ ತಪ್ಪಿದರೆ ಮುಂದಿನ ವರ್ಷ ಚನ್ನಗಿರಿಯಲ್ಲೇ ಅನುಕೂಲ ಎನ್ನುತ್ತಾರೆ, ಅದರ ಮುಂದಿನ ವರ್ಷ ಯಾರೂ ಏನೂ ಅನ್ನುವುದೇ ಇಲ್ಲ. ಮಕ್ಕಳು ನುಗ್ಗಿ ಬರುವ ಮನೆ ಎಂಬುದೊಂದು ಉಳಿದಿತ್ತು. ಅದೂ ಹೋದರೆ ನಾನು ಬೀಗದ ಕೈ ಇಟ್ಟುಕೊಂಡ ವಾಚ್‌ಮನ್ ಅಷ್ಟೇ. ಸಂಜೆ ಶೋಭಾಳಿಗೆ ಫೋನ್ ಮಾಡಿ, "ದಾವಣಗೆರೆ ದೊಡ್ಡ ಅಂಗಡಿಯಿಂದ ಆ ಕೈಕಟ್ಟಿದ ಪಾಕೀಟು ತಗಂಡು ಬಾ. ಜಾಸ್ತೀನೇ ತಾ" ಎಂದೆ. ಗೌರಕ್ಕನಿಗೆ ಹೇಳಲಿಲ್ಲ. ಅವರು ಕರಿಯಬಾರದು ಎಂದಿದ್ದರು, ಇದು ಕರಿಯಬಾರದ ತಿಂಡಿಯೇ. ಸಾಸ್ವೆಹಳ್ಳಿಯ ಆ ಹೆಂಗಸೇ ಸಾಕ್ಷಿ.

ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ಶೋಭಾ ಮಗುವಿನ ಜೊತೆ ಪಾಕೀಟು ಹೊತ್ತು ಬಂದಳು. ತೊಂದರೆ ಒಂದೇ. ಅಷ್ಟು ತಿಂಡಿಗೆ ಒಗ್ಗರಣೆಯನ್ನು ಬಾಣಲೆಯಲ್ಲಿ ಹಾಕಿದರೆ ಒಂದೇ ಸಲಕ್ಕೆ ಮುಗಿಯುತ್ತಿತ್ತು. ಬಾಣಲೆ ಮುಟ್ಟುವಂತಿಲ್ಲ. ಅಂಗೈಯಗಲದ ಸೌಟಿನಲ್ಲೇ ಮತ್ತೆ ಮತ್ತೆ ಎಣ್ಣೆ ಕಾಯಿಸಿ, ಒಂದೊಂದು ಹಿಡಿ ಬೆಳ್ಳುಳ್ಳಿ ಹಾಕಿ, ಮಧ್ಯಾಹ್ನವೆಲ್ಲ ಅಡುಗೆಮನೆ ಕಮ್ಮಾರನ ಕುಲುಮೆಯ ಹಾಗೆ ಆಗಿತ್ತು. ಓಣಿಯ ತುದಿಯ ತನಕ ವಾಸನೆ ಹೋಗಿರಬೇಕು. ನ್ಯಾಮತಿಯ ತನಕ ಹೋದದ್ದಂತೂ ಖಂಡಿತ. ಹಿಂದೆ ತಿರುಗಿ ನೋಡಿದರೆ ಬಾಗಿಲಲ್ಲಿ ಗೌರಕ್ಕ, ಕೈಯಲ್ಲಿ ಬಸ್ಸಿನ ಚೀಟಿ ಇನ್ನೂ ಹಾಗೇ ಇತ್ತು.

"ಏನ್ ಮಾಡಾಕೆ ಹತ್ತೀಯೆ?"

"ಒಗ್ಗರಣೆ, ಅಕ್ಕ."

"ಸಾರೆಲ್ಲಿ?"

ಸಾರು ಇರಲಿಲ್ಲ. ಅವರು ಅಡುಗೆಮನೆಯ ಸುತ್ತ ಕಣ್ಣಾಡಿಸಿದರು.

"ಬಾಂಡ್ಲಿ ಎಲ್ಲೈತೆ?"

"ಅಟ್ಟದ ಮೇಲೈತೆ. ನೀವೇ ಇಡಿಸಿದ್ರಲ್ಲ."

"ಸೌಟ್ನಾಗೆ ಎಣ್ಣೆ ನಿಂತೈತಲ್ಲೇ."

ಪಡ್ಡಿನ ತೀರ್ಪು ನನ್ನ ಮೇಲೇ ತಿರುಗಿ ಬಂದಿತ್ತು. ನಾನು ಆಗ ಆ ಮಾತು ಹೇಗೆ ಹೇಳಿದೆನೋ, ಇವತ್ತಿಗೂ ನನಗೆ ಆಶ್ಚರ್ಯ. "ಹಂಗಾದ್ರೆ ದಿನಾ ಸಾರಿಗೆ ಒಗ್ಗರಣೆ ಹಾಕಿದ್ದೂ ತಪ್ಪಾತಲ್ಲಕ್ಕ. ನಿಮ್ ಮನೇಲೂ ಹಾಕಿರ್ತೀರಿ. ಇಬ್ರೂ ಸೇರಿ ತಪ್ಪು ಕಾಣಿಕೆ ಕಟ್ಟಾಣ ಬಿಡ್ರಿ" ಎಂದೆ.

ಗೌರಕ್ಕ ಸೌಟಿನೊಳಗೆ ಬಗ್ಗಿ ನೋಡಿದರು. ಅಷ್ಟರಲ್ಲಿ ಮಾಳಿಗೆಯಿಂದ ಸಿಂಚನಾ ತಟ್ಟೆ ಹಿಡಿದು ಇಳಿದು ಬಂದಳು. ಕಾವಲಿಗೆ ಅವಳನ್ನೇ ಕೂರಿಸಿದ್ದೆ. ತಟ್ಟೆ ಮುಕ್ಕಾಲು ಆಗಿತ್ತು, ಮೂತಿಯ ತುಂಬ ಖಾರಪುಡಿ.

"ಯಾರೇ ತಿಂದಿದ್ದು?" ಎಂದೆ.

"ಕಾಗೆ" ಎಂದಳು.

ಆ ಮಾತು ಯಾರದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ತಮ್ಮ ತೀರಿಕೊಂಡಾಗಿನಿಂದ ಗೌರಕ್ಕ ಯಾರ ಮನೆಯಲ್ಲೂ ಕರಿದದ್ದನ್ನು ಮುಟ್ಟುತ್ತಿರಲಿಲ್ಲ, ಅದು ಅವರೇ ಹಾಕಿಕೊಂಡ ವ್ರತ. ಮಗು ತಟ್ಟೆ ಚಾಚಿದಾಗ ತಲೆ ಅಲ್ಲಾಡಿಸಿದರು. "ಇದು ಕರ್ದಿದ್ದಲ್ಲ ದೊಡ್ಡಜ್ಜಿ, ಬ್ರೆಡ್ ಬೇಯಿಸಿದಂಗೆ ಒಲ್ಯಾಗೆ ಬೇಯಿಸ್ತಾರಂತೆ. ಅಜ್ಜ ಹೇಳಿತ್ತು" ಎಂದಳು ಸಿಂಚನಾ. ಅವರು ಒಂದನ್ನು ತೆಗೆದುಕೊಂಡು ತಿರುಗಿಸಿ ನೋಡಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

"ಬೆಳ್ಳುಳ್ಳಿ ಹೊಗೆ" ಎಂದರು. ಆಮೇಲೆ, "ಖಾರ ಕಮ್ಮಿ ಆತು. ಅವ್ನು ಇನ್ನೂ ಹಾಕ್ತಿದ್ದ. ಸರಿ ಅತ್ಲಾಗೆ" ಎಂದು ಸೌಟು ನನ್ನ ಕೈಯಿಂದ ಕಿತ್ತುಕೊಂಡರು.

ಸಂಜೆ ಓಣಿಯ ಮಕ್ಕಳೆಲ್ಲ ಬಂದರು. ಖಾರಕ್ಕೆ ಮೂಗು ಸುರಿಸುತ್ತಾ ತಿಂದರು. ಸಾಲಾಗಿ ಕೂರಿಸಿ ಕೈ ಕಟ್ಟಿಸುವ ಕೆಲಸವನ್ನು ಗೌರಕ್ಕ ವಹಿಸಿಕೊಂಡರು. ಅವರ ಮುಂದೆ ಒಂದು ಮಗುವೂ ಅಲ್ಲಾಡಲಿಲ್ಲ, ಹೀಗಾಗಿ ಆಟ ಬೇಗ ಮುಗಿಯಿತು.

ಇವತ್ತಿನ ಮಾತಿಗೆ ಬರುತ್ತೇನೆ. ಬಾಣಲೆ ತಿಕ್ಕಿ ಮುಗಿಸುವಷ್ಟರಲ್ಲಿ ಗೌರಕ್ಕ ನ್ಯಾಮತಿಯಿಂದ ಬಂದರು. ಚೀಲದಿಂದ ಹೊಸ ಎಣ್ಣೆ, ಕಡಲೆಬೇಳೆ, ಬೆಲ್ಲ ತೆಗೆದರು. ಕೊನೆಗೆ ತಳದಿಂದ ಒಂದು ಪ್ರೆಟ್ಜೆಲ್ ಪಾಕೀಟು. "ನಮ್ಮೂರ್ ಅಂಗಡೀಲೂ ಬಂದೈತೆ ಈಗ" ಎಂದರು, ನಾನು ಕೇಳದೆಯೇ. "ಎಡೆಗೆ ಇದನ್ನೂ ಇಡು. ವಡೆ ಒಂದೇ ಇಟ್ರೆ ಅವ್ನು ಮುನಿಸ್ಕಂತಾನೆ." ಅವರು ಬಾಣಲೆ ಇಟ್ಟು ಮೊದಲ ವಡೆ ಬಿಟ್ಟರು. ಎಣ್ಣೆ ಸುಂಯ್ ಎಂದು ಸದ್ದು ಮಾಡಿತು. ಆ ಸದ್ದಿಗೆ ಒಂದು ವರ್ಷದಿಂದ ಹೆದರಿಕೊಂಡಿದ್ದೆ. ಬಂದಾಗ ಅದು ವಡೆಯ ಸದ್ದು ಮಾತ್ರ ಆಗಿತ್ತು. ನಾನು ಪಕ್ಕದ ಒಲೆಯಲ್ಲಿ ಸೌಟು ಇಟ್ಟು ಖಾರ ಜಾಸ್ತಿಯೇ ಹಾಕಿದೆ.

ಬಾಳೆಲೆ ಹಾಸಿ, ಅನ್ನ, ವಡೆ, ಪಾಯಸ ಬಡಿಸಿ, ಒಂದು ಹಿಡಿ ಕೈಕಟ್ಟು ತಿಂಡಿ ಇಟ್ಟೆ. ದೀಪ ಹಚ್ಚುವುದು ಬಾಕಿ ಇತ್ತು. ಗೌರಕ್ಕ ಬೆಂಕಿಪೊಟ್ಟಣ ತರುತ್ತೇನೆಂದು ಅಡುಗೆಮನೆಗೆ ಹೋದರು. ಎದುರಿಗೆ ಫೋಟೋ, ನಡುವೆ ಎಲೆ, ನಾನೊಬ್ಬಳೇ. ಏನನ್ನಿಸಿತೋ, ಎಲೆಯಿಂದ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡೆ. ಇಷ್ಟು ವರ್ಷದಲ್ಲಿ ಎಡೆಗೆ ಮುಂಚೆ ನಾನು ಏನನ್ನೂ ಮುಟ್ಟಿದವಳಲ್ಲ. ಕಟುಂ ಎಂದದ್ದು ಮನೆಗೆಲ್ಲ ಕೇಳಿಸುವ ಹಾಗಿತ್ತು. ಎದ್ದು ಕಿಟಕಿಯ ಕಡೆ ಮುಖ ಮಾಡಿ ನಿಂತೆ.

ಕಿಟಕಿಯಿಂದ ನೋಡಿದರೆ ಅಡುಗೆಮನೆಯ ಹಿಂಬಾಗಿಲು ಕಾಣುತ್ತದೆ. ಅಲ್ಲಿ ಗೌರಕ್ಕ ನನಗೆ ಬೆನ್ನು ಹಾಕಿ, ಹೊರಗೆ ಯಾರೋ ಕರೆದ ಹಾಗೆ ನೋಡುತ್ತಾ ನಿಂತಿದ್ದರು. ಅವರ ಕಿವಿ ಎರಡೂ ಅಲ್ಲಾಡುತ್ತಿದ್ದವು.