ಕ್ಯಾಲೆಂಡರಿನಲ್ಲಿ ನನ್ನ ಚುಕ್ಕೆ

ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮಗಳು ಮದುವೆಯಾಗಿ ಹೋದ ಮೇಲೆ ಉಳಿದ ಹೆಂಗಸರು ನಾಲ್ವರು: ಅಜ್ಜಿ, ಅವ್ವ, ಚಿಕ್ಕಪ್ಪನ ಹೆಂಡತಿ ಕಾಕು, ನಾನು. ಅಜ್ಜಿಯನ್ನು ಬಿಟ್ಟು ಉಳಿದ ಮೂವರ ಮುಟ್ಟಿನ ದಿನಗಳು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತಿದ್ದವು. ಅವ್ವನದು ಸೊನ್ನೆ, ಕಾಕುವಿನದು ಗೀಟು, ನನ್ನದು ಚುಕ್ಕೆ. ಪೆನ್ಸಿಲ್ ಅಜ್ಜಿಯದು. ಮುಟ್ಟಾದವರು ಮೂರು ದಿನ ಅಡುಗೆಮನೆಗೂ ದೇವರ ಕೋಣೆಗೂ ಬರುವಂತಿಲ್ಲವಾದ್ದರಿಂದ, ಪೂಜೆಯಿರಲಿ ಉಪ್ಪಿನಕಾಯಿಯಿರಲಿ, ಅಜ್ಜಿ ಆ ಗುರುತುಗಳನ್ನು ನೋಡಿಯೇ ದಿನ ಗೊತ್ತು ಮಾಡುತ್ತಿದ್ದಳು. ಗ್ಯಾಸ್ ಸಿಲಿಂಡರ್ ಬಂದ ದಿನವೂ ಅದೇ ಹಾಳೆಯ ಮೇಲಿರುತ್ತಿತ್ತು. ಸಿಲಿಂಡರ್ ತರುವವನು ತನ್ನ ತಾರೀಖಿನ ಜೊತೆಗೆ ನನ್ನದನ್ನೂ ಓದಿಕೊಂಡು ಹೋಗುತ್ತಾನೆಂಬ ಅನುಮಾನ ನನಗೆ ಹದಿಮೂರನೇ ವಯಸ್ಸಿನಿಂದ ಇತ್ತು.

ಸಂಖ್ಯಾಶಾಸ್ತ್ರ ಓದಲು ಧಾರವಾಡಕ್ಕೆ ಹೋದ ಮೇಲೆ ಧೈರ್ಯ ಬಂತು. ದೀಪಾವಳಿಗೆ ಮನೆಗೆ ಬಂದಾಗ ಹೇಳಿದೆ.

"ಗ್ವಾಡಿ ಮ್ಯಾಲೆ ನಂದು ಬರೀಬ್ಯಾಡ ಅಜ್ಜಿ. ನಾ ಫೋನಿನ್ಯಾಗ ಬರ್ಕೋತೇನಿ."

"ಫೋನಿಗೆ ಹೇಳ್ತಿ, ನನಗ ಹೇಳೂದಿಲ್ಲೇನು?"

ಅಷ್ಟೇ ಅಂದಳು. ಮುಂದಿನ ತಿಂಗಳಿನಿಂದ ಗೋಡೆಯ ಮೇಲೆ ನನ್ನ ಚುಕ್ಕೆ ಇರಲಿಲ್ಲ.

ಮೊದಲು ಹಾಕಿಕೊಂಡದ್ದು ಪುಕ್ಕಟೆ ಆ್ಯಪ್. ಅದು ನನ್ನ ದಿನಗಳನ್ನು ಬರೆದುಕೊಂಡು, ಬದಲಿಗೆ ಜಾಹೀರಾತು ತೋರಿಸುತ್ತಿತ್ತು. ಒಂದು ಸಲ ಕಾಕು ಮದುವೆಯ ಫೋಟೋ ನೋಡಲೆಂದು ನನ್ನ ಫೋನ್ ಇಸಿದುಕೊಂಡಳು. ಪರದೆಯ ತುಂಬ ಡೈಪರ್ ಹಾಕಿಕೊಂಡ ಕೂಸೊಂದು ನಗುತ್ತಿತ್ತು.

"ಇದೇನವಾ, ಇನ್ನೂ ವರಾನ ನೋಡಿಲ್ಲ, ತೊಟ್ಟಿಲಾ ನೋಡಾಕತ್ತೀಯಲ್ಲ!"

ಮಾತು ಪಡಸಾಲೆಯವರೆಗೂ ಕೇಳಿಸಿತು. ಆವತ್ತೇ ಆ ಆ್ಯಪ್ ತೆಗೆದುಹಾಕಿದೆ.

ಗುಟ್ಟು ಉಳಿಯಬೇಕಾದರೆ ರೊಕ್ಕ ಕೊಡಬೇಕು ಎಂದುಕೊಂಡೆ. ಕಾರ್ಡು ಅಪ್ಪನದು. 'ಓದೋದಕ್ಕ ಒಂದು ಆ್ಯಪ್ ಬೇಕು' ಎಂದು ಹೇಳಿ ವರ್ಷದ ಚಂದಾ ಕಟ್ಟಿಸಿದೆ. ಎಷ್ಟು ಚೆಂದದ ಆ್ಯಪ್! ತಿಳಿಗುಲಾಬಿ ಬಣ್ಣ, ಅರಳುವ ಹೂವು, ತೆರೆದಾಗಲೆಲ್ಲ 'ಇಂದು ಹೇಗಿದ್ದೀರಿ ಗೆಳತಿ' ಎಂಬ ಇಂಗ್ಲಿಷ್ ವಿಚಾರಣೆ. ನನ್ನ ಮುಂದಿನ ದಿನವನ್ನು ಅದು ಜ್ಯೋತಿಷಿಯ ಖಾತ್ರಿಯಿಂದ ಹೇಳುತ್ತಿತ್ತು. ಆದರೆ ಚಂದಾ ಕಟ್ಟಿದವರ ಇಮೇಲಿಗೇ ಎಲ್ಲ ನೆನಪಿನ ಸಂದೇಶಗಳೂ ಹೋಗುತ್ತವೆಂಬುದನ್ನು ನಾನು ಗಮನಿಸಿರಲಿಲ್ಲ. ಅಪ್ಪ ಬಾದಾಮಿಯ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರು. ಬಂದ ಪತ್ರ ಯಾವುದನ್ನೂ ಓದದೆ ಬಿಡುವವರಲ್ಲ. ಸಾಲೆಯಿಂದಲೇ ಅವ್ವನಿಗೆ ಫೋನ್ ಮಾಡಿದರು.

"ಅಕಿಗೆ ಎರಡು ದಿನದಾಗ ಏನೋ ಸುರು ಆಗ್ತದಂತ, ಮೇಲ್ ಬಂದದ. ಪರೀಕ್ಷಾನೋ ಏನೋ. ತಯಾರಿ ಆಗ್ಯದೇನು ಕೇಳು."

ಅವ್ವ ಎಲ್ಲ ತಯಾರಿದೆ ಎಂದಳಂತೆ. ಚಂದಾ ನಿಲ್ಲಿಸಿದ ಮೇಲೂ ಆ ಗೆಳತಿ 'ನಿಮ್ಮನ್ನು ಬಿಟ್ಟಿರಲಾಗುತ್ತಿಲ್ಲ' ಎಂದು ಅಪ್ಪನಿಗೆ ಮೂರು ಪತ್ರ ಬರೆದಳು.

ಮೂರನೆಯ ಆ್ಯಪನ್ನು ಸರಿಯಾಗಿ ಹುಡುಕಿ ಹಾಕಿಕೊಂಡೆ. ಯಾರೋ ಹವ್ಯಾಸಕ್ಕೆ ಬರೆದು, ಒಳಗಿನ ಕೋಡನ್ನೂ ಎಲ್ಲರಿಗೂ ನೋಡಲು ತೆರೆದಿಟ್ಟ ಆ್ಯಪ್. ರೊಕ್ಕವಿಲ್ಲ, ಜಾಹೀರಾತಿಲ್ಲ, ಹೆಸರೂ ಕೇಳುವುದಿಲ್ಲ. ಬರೆದದ್ದು ಫೋನ್ ಬಿಟ್ಟು ಹೊರಗೆ ಹೋಗುವುದಿಲ್ಲ. ನೋಡಲು ರೇಷನ್ ಕಾರ್ಡಿನ ಹಾಗಿತ್ತು. ನನ್ನ ದಿನಗಳು ಹಿಂದುಮುಂದಾದಾಗ ಅದು 'ಹೇಳಲು ಸಾಧ್ಯವಿಲ್ಲ' ಎಂದು ಬರೆಯುತ್ತಿತ್ತು. ಸಂಖ್ಯಾಶಾಸ್ತ್ರ ಓದಿದವಳಿಗೆ ಆ ಮಾತು ಹೂವಿಗಿಂತ ಹಿಡಿಸಿತು.

ಓದು ಮುಗಿಸಿ ಬಾಗಲಕೋಟೆಯಲ್ಲೇ ಕಾಲೇಜೊಂದರಲ್ಲಿ ಪಾಠ ಮಾಡಲು ಸೇರಿದೆ. ಆ ವರ್ಷ ಕಾಕುವಿನ ಮಗಳು, ನನ್ನ ಅಕ್ಕ, ಬಸುರಿಯಾದಳು. ಅವಳನ್ನು ಇಳಕಲ್ಲಿಗೆ ಕೊಟ್ಟಿದೆ. ಕುಬಸ, ಅಂದರೆ ಸೀಮಂತ, ಮಾಡಲು ನಾವು ಅಲ್ಲಿಗೆ ಹೋಗಬೇಕಿತ್ತು. ಅಕ್ಕ ಫೋನಿನಲ್ಲಿ ಮೊದಲೇ ಹೇಳಿದ್ದಳು: "ಕುಬಸದ ಖಣಾ ದೇವರ ಮುಂದಿಂದ ನೀನ ತರಬೇಕು. ತಂದು ನನ್ನ ಬಾಜೂಕ ಕೂಡಬೇಕು. ಮಂದಿ ನಡುವ ನನಗ ಅಂಜಿಕಿ ಬರ್ತದ." ಹಿಂದಿನ ಸಲ ಐದನೇ ತಿಂಗಳಲ್ಲಿ ಅವಳ ಬಸಿರು ಇಳಿದುಹೋಗಿತ್ತು. ಗುಳೇದಗುಡ್ಡಕ್ಕೆ ಹೋಗಿ ರವಿಕೆಯ ಹಸಿರು ಖಣವನ್ನು ನಾನೇ ಆರಿಸಿ ತಂದೆ.

ದಿನ ಗೊತ್ತು ಮಾಡುವಾಗ ಕಾಕು ಕ್ಯಾಲೆಂಡರಿನ ಮುಂದೆ ನಿಂತಳು.

"ರವಿವಾರ ಇಡೂಣು, ಎಲ್ಲಾರಿಗೂ ಸೂಟಿ. ನಿಂದು ಯಾವಾಗವಾ?"

ಫೋನ್ ನೋಡಿದೆ. "ಹೇಳಾಕ ಬರೂದಿಲ್ಲ ಕಾಕು."

"ಊರ ಹುಡುಗೂರಿಗೆ ಲೆಕ್ಕಾ ಕಲಸ್ತಿ, ನಿನ್ನ ಲೆಕ್ಕಾ ನಿನಗ ಬರೂದಿಲ್ಲ?"

ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು: "ರವಿವಾರ ತಿಥಿ ಛಲೋ ಇಲ್ಲ. ಅದರ ಹಿಂದಿನ ಗುರುವಾರ ಇಡ್ರಿ."

ಪಂಚಾಂಗದ ವಿಷಯದಲ್ಲಿ ಅವಳ ಮಾತಿಗೆ ಎದುರಿಲ್ಲ. ರಜೆ ಬರೆಯಲು ಗುರುವಾರದ ತಾರೀಖು ನೋಡೋಣವೆಂದು ಸಂಜೆ ಅವಳ ಪಂಚಾಂಗವನ್ನೇ ತೆರೆದೆ. ಭಾನುವಾರದ ತಿಥಿಗೆ ಏನೂ ಆಗಿರಲಿಲ್ಲ. ಅದರ ಪಕ್ಕದಲ್ಲಿ ತೆಳ್ಳಗೆ ಒಂದು ಪೆನ್ಸಿಲ್ ಚುಕ್ಕೆಯಿತ್ತು. ಹಿಂದಿನ ತಿಂಗಳಲ್ಲೂ ಒಂದು, ಅದರ ಹಿಂದೆಯೂ. ಗೂಡಿನಲ್ಲಿದ್ದ ಹಳೆಯ ಪಂಚಾಂಗಗಳಲ್ಲಿ ನಾನು ಧಾರವಾಡದಲ್ಲಿದ್ದ ವರ್ಷಗಳ ಚುಕ್ಕೆಗಳೂ ಇದ್ದವು.

"ಇದೇನ ಅಜ್ಜಿ? ಬರೀಬ್ಯಾಡ ಅಂದಿದ್ದೆ."

"ಗ್ವಾಡಿ ಮ್ಯಾಲೆ ಬ್ಯಾಡ ಅಂದಿದ್ದಿ. ಇದೇನು ಗ್ವಾಡಿಯೇನು?"

"ಧಾರವಾಡದಾಗಿದ್ದಾಗಿಂದು ಹ್ಯಾಂಗ ಗೊತ್ತಾತು?"

"ಫೋನಿನ್ಯಾಗ ನನ್ನ ಮ್ಯಾಲೆ ಸಿಡಿಸಿಡಿ ಅಂದ ದಿನಾ ಎಣಿಸಿದೆ. ಯಾರಿಗೂ ತೋರ್ಸಿಲ್ಲ, ಮುಚ್ಚಿಡು."

ಮುಚ್ಚಿಟ್ಟೆ.

ಗುರುವಾರ ಬೆಳಗಿನ ಬಸ್ಸು ಹುನಗುಂದ ದಾಟುವಾಗ ಕಿಬ್ಬೊಟ್ಟೆ ಹಿಂಡಿತು. ಇಳಕಲ್ಲಿನ ಬೀಗರ ಮನೆಯ ಬಚ್ಚಲಿನಲ್ಲಿ ಖಾತ್ರಿಯಾಯಿತು. ಅಜ್ಜಿಯ ಲೆಕ್ಕ ಮೂರು ದಿನ ತಪ್ಪಿತ್ತು. ಆ್ಯಪ್ ಏನೂ ಹೇಳಿರಲಿಲ್ಲವಾದ್ದರಿಂದ ತಪ್ಪಲೂ ಇಲ್ಲ. ಬಾಯಿಬಿಟ್ಟರೆ ಹಿತ್ತಲ ಕೋಣೆಯಲ್ಲಿ ಕೂರಬೇಕು. ಹೊರಗೆ ಅಕ್ಕ ಹಸಿರು ಸೀರೆಯಲ್ಲಿ ಮಣೆಯ ಮೇಲೆ ಕೂತು, ಬಾಗಿಲಿನ ಕಡೆಗೇ ನೋಡುತ್ತಿದ್ದಳು.

ದೇವರ ಕೋಣೆಯ ಹೊಸ್ತಿಲ ಮುಂದೆ ಅಜ್ಜಿ ನಿಂತಿದ್ದಳು. ನನ್ನ ಮುಖವನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದಳು.

"ತಾಟು ನೀ ತರ್ತೀಯೇನು?"

"ತರ್ತೇನಿ."

"ಹಂಗಾರ ಲಗೂನ ತಾ. ಅಕಿ ದಾರಿ ನೋಡಾಕತ್ತಾಳ."

ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದಳು. ನಾನು ಖಣದ ತಾಟು ತಂದು ಅಕ್ಕನ ಬಗಲಿಗೆ ಕೂತೆ. ಹಾಡು ಮುಗಿಯುವವರೆಗೂ ಅವಳು ನನ್ನ ಬೆರಳು ಬಿಡಲಿಲ್ಲ. ಊಟವಾದ ಮೇಲೆ ಅಜ್ಜಿ ನನ್ನ ಅಂಗೈಯಲ್ಲಿ, ಮುಟ್ಟಿನ ನೋವಿಗೆ ಮನೆಯಲ್ಲಿ ಕೊಡುವ ಹಾಗೆ, ಒಂದು ಚಿಟಿಕೆ ಅಜವಾನ, ಒಂದು ಚೂರು ಬೆಲ್ಲ ಇಟ್ಟಳು.

ಆ ರಾತ್ರಿ ಆ್ಯಪಿನಲ್ಲಿ ಗುರುವಾರ ಎಂದು ಬರೆದೆ. ವಾರದ ನಂತರ, ಕೇಳದೆಯೇ, ಅಜ್ಜಿಯ ಪಂಚಾಂಗ ತೆರೆದು ನೋಡಿದೆ. ಭಾನುವಾರದ ಚುಕ್ಕೆಯನ್ನು ಅಳಿಸಿದ್ದಳು. ಹೊಸದು ಗುರುವಾರದ ಮೇಲಲ್ಲ, ಶುಕ್ರವಾರದ ಮೇಲಿತ್ತು. ಪೆನ್ಸಿಲನ್ನು ಒತ್ತಿ, ದಪ್ಪಗೆ ಇಟ್ಟಿದ್ದಳು.